ಅಂಚಿನಲ್ಲಿ ಬರೆದ ಉತ್ತರಗಳು

ಪುಸ್ತಕ ಹೊಲಿಯುವವನು ಪುಸ್ತಕ ಓದಬಾರದು. ಬೈಂಡರಿಗೆ ಈ ಪಾಠ ಕಲಿಸಿದವರು ಅವರ ಗುರುಗಳು, ಅದೂ ತಲೆಗೊಂದು ಮೊಟಕಿ. "ಪುಟದ ನಂಬರ್ ನೋಡು, ಅಕ್ಷರ ನೋಡಬೇಡ. ಓದ್ತಾ ಕೂತ್ರೆ ಹೊಲಿಯೋರು ಯಾರು, ನಿಮ್ಮಪ್ಪನಾ?" ಎಂದಿದ್ದರು. ಬೈಂಡರು ಆ ಮಾತನ್ನು ಮೂವತ್ತೆಂಟು ವರ್ಷ ಚಾಚೂ ತಪ್ಪದೆ ಪಾಲಿಸಿದರು. ಕಾನೂನಿನ ದಪ್ಪ ಸಂಪುಟಗಳು, ಆಸ್ಪತ್ರೆಯ ರಿಜಿಸ್ಟರುಗಳು, ಶಾಲೆಯ ಹಾಜರಿ ಪುಸ್ತಕಗಳು, ಹರಿದ ನಿಘಂಟುಗಳು ಅವರ ಕೈ ದಾಟಿ ಹೋದವು. ಒಂದರೊಳಗೂ ಏನಿದೆಯೆಂದು ಅವರಿಗೆ ಗೊತ್ತಿಲ್ಲ. ಇದನ್ನು ಅವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು. ಮನುಷ್ಯನಿಗೆ ಹೆಮ್ಮೆಪಡಲು ಏನಾದರೊಂದು ಬೇಕಲ್ಲ.

ಅವರ ಹೆಂಡತಿ ಟೀಚರು. ಮನೆಯ ಮುಂದಿನ ಕೋಣೆಯಲ್ಲಿ ಸಂಜೆ ಐದರಿಂದ ಆರೂವರೆಯವರೆಗೆ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಹಿಂದಿನ ಕೋಣೆಯಲ್ಲಿ ಬೈಂಡರ ಕೆಲಸ. ನಡುವಿನ ಬಾಗಿಲಿಗೆ ಕದವಿಲ್ಲ, ಒಂದು ಪರದೆ ಮಾತ್ರ. ಹೀಗಾಗಿ ಅಂಟಿನ ವಾಸನೆ ಮುಂದಕ್ಕೂ, ಇಂಗ್ಲಿಷ್ ವ್ಯಾಕರಣ ಹಿಂದಕ್ಕೂ ಸಲೀಸಾಗಿ ಓಡಾಡುತ್ತಿದ್ದವು. ವಾಸನೆ ಹಿಡಿದ ಮಕ್ಕಳು ಬೈಂಡರಿಗೆ ಅಂಟುತಾತ ಎಂದು ಹೆಸರಿಟ್ಟರು. ವ್ಯಾಕರಣ ಮಾತ್ರ ಅಂಟುತಾತನಿಗೆ ಅಂಟಲಿಲ್ಲ.

ಟೀಚರು ವ್ಯಾಕರಣವನ್ನು ಯಾವತ್ತೂ ನಿಯಮದಿಂದ ಶುರು ಮಾಡಿದವರಲ್ಲ. "ಇಂಗ್ಲಿಷಿಗೆ ಸ್ವಲ್ಪ ತಲೆ ಕೆಟ್ಟಿದೆ ಮಕ್ಕಳೇ. ಹೆದರಬೇಡಿ, ಕಚ್ಚಲ್ಲ" ಎಂದು ಶುರು ಮಾಡುತ್ತಿದ್ದರು. ಆಮೇಲೆ ಆ ದಿನದ ಹುಚ್ಚಾಟ ಯಾವುದೋ ಅದನ್ನು ಹೊರತೆಗೆಯುತ್ತಿದ್ದರು. ಕುರಿ ಒಂದಿದ್ದರೂ ಶೀಪ್, ನೂರಿದ್ದರೂ ಶೀಪ್, ಯಾಕೆ? ನಾನು ಎನ್ನುವ 'ಐ' ವಾಕ್ಯದ ಮಧ್ಯದಲ್ಲಿ ಬಂದರೂ ದೊಡ್ಡಕ್ಷರವೇ, ನೀನು ಎನ್ನುವ 'ಯೂ'ಗೆ ಆ ಮರ್ಯಾದೆ ಯಾಕಿಲ್ಲ? ಮಕ್ಕಳು ಬಾಯಿಗೆ ಬಂದಂತೆ ಉತ್ತರ ಹೇಳಿ, ನಕ್ಕು, ಜಗಳವಾಡಿ ಸುಸ್ತಾದ ಮೇಲೆ ಟೀಚರು ತಮ್ಮ ಉತ್ತರ ಹೇಳುತ್ತಿದ್ದರು. ಅದು ಯಾವ ಪುಸ್ತಕದಲ್ಲೂ ಇಲ್ಲದ ಉತ್ತರ. ಆದರೆ ಒಮ್ಮೆ ಕೇಳಿದರೆ ನಿಯಮ ಜನ್ಮದಲ್ಲಿ ಮರೆಯುವಂತಿಲ್ಲ.

ನಾಳೆ ಮಕ್ಕಳಿಗೆ ಕೇಳುವುದನ್ನು ಟೀಚರು ಇಂದು ಗಂಡನ ಮೇಲೆ ಪ್ರಯೋಗ ಮಾಡುತ್ತಿದ್ದರು. ಹಿಂದಿನ ಕೋಣೆಗೆ ಬಂದು, ಒತ್ತುಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ಪ್ರಶ್ನೆ ಹೇಳಿ, ಉತ್ತರವನ್ನೂ ತಾವೇ ಹೇಳಿ ನಗುತ್ತಿದ್ದರು. ಬೈಂಡರು ದಾರಕ್ಕೆ ಮೇಣ ಸವರುತ್ತ "ಹ್ಞೂಂ" ಎನ್ನುತ್ತಿದ್ದರು.

"ರೀ, ಕೇಳಿಸ್ತಾ?"

"ಹ್ಞೂಂ."

"ನಾನೀಗ ಏನಂದೆ ಹೇಳಿ ನೋಡೋಣ?"

"ಹ್ಞೂಂ."

"ಕೋಣನ ಮುಂದೆ ಕಿನ್ನರಿ ಬಾರಿಸಿದ್ರೆ ಕೋಣ ಕಿವಿನಾದ್ರೂ ಅಲ್ಲಾಡಿಸುತ್ತೆ, ಹ್ಞೂಂ ರಾಯರೇ" ಎಂದು ಟೀಚರು ಎದ್ದು ಹೋಗುತ್ತಿದ್ದರು. ಕೋಪವಲ್ಲ. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಸ್ಟೂಲಿನ ಮೇಲೆ ಹಾಜರು.

ಕಾಯಿಲೆ ಬಂದಾಗ ಟೀಚರ ಮಂಚ ಹಿಂದಿನ ಕೋಣೆಗೇ ಬಂತು. ಬೈಂಡರು ಕೆಲಸ ಮಾಡುತ್ತಲೇ ನೋಡಿಕೊಳ್ಳಬಹುದಲ್ಲ ಎಂಬ ಲೆಕ್ಕಾಚಾರ. ನೋಡಿಕೊಂಡರು ಕೂಡ. ಹೊತ್ತು ಹೊತ್ತಿಗೆ ಗಂಜಿ, ಮಾತ್ರೆ, ಬಿಸಿನೀರು ಯಾವುದಕ್ಕೂ ಲೋಪ ಮಾಡಲಿಲ್ಲ. ಕಾಯಿಲೆಯ ಏಳನೆಯ ತಿಂಗಳಲ್ಲಿ ಒಂದು ದಿನ ಟೀಚರು ದಿಂಬಿನ ಕೆಳಗಿಂದ ದೊಡ್ಡದೊಂದು ಕಾಗದದ ಕಟ್ಟು ತೆಗೆದು ಕೊಟ್ಟರು. ಮೂವತ್ತು ವರ್ಷದ ಪ್ರಶ್ನೆಗಳೆಲ್ಲ ಅದರಲ್ಲಿದ್ದವು. ಕೆಲವು ಗೆರೆಹಾಳೆಯ ಮೇಲೆ, ಕೆಲವು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ, ಕೆಲವು ಪರೀಕ್ಷೆ ಪತ್ರಿಕೆಯ ಹಿಂಬದಿಯಲ್ಲಿ. ಒಂದು ಉದ್ದ, ಒಂದು ಗಿಡ್ಡ. ಪುಟಕ್ಕೊಂದು ಪ್ರಶ್ನೆ, ಮಧ್ಯದಲ್ಲಿ, ಶಾಯಿಯಲ್ಲಿ.

"ಇದನ್ನ ಹೊಲಿದು ಒಂದು ಪುಸ್ತಕ ಮಾಡಿಕೊಡಿ. ತಂಗಿ ಮಗಳು ಬಂದು ಪಾಠ ಮುಂದುವರಿಸ್ತಾಳೆ, ಒಪ್ಪಿದಾಳೆ. ಮಕ್ಕಳನ್ನ ವಾಪಸ್ ಕಳಿಸಬೇಡಿ."

"ಹ್ಞೂಂ" ಎಂದರು ಬೈಂಡರು. ಆಗ ಅವರು ಅಂಟು ಕಲಸುತ್ತಿದ್ದರು. ಟೀಚರು ಇನ್ನೇನೋ ಎರಡು ಮಾತು ಹೇಳಿದರು, ಅದಕ್ಕೂ ಹ್ಞೂಂ ಎಂದಿದ್ದರು. ಹನ್ನೊಂದು ದಿನದ ಮೇಲೆ ಟೀಚರು ಹೋಗಿಬಿಟ್ಟರು.

ಎರಡು ತಿಂಗಳು ಬೈಂಡರು ಆ ಕಟ್ಟನ್ನು ಮುಟ್ಟಲಿಲ್ಲ. ಮುಟ್ಟಿದ ದಿನ ಮಾತ್ರ ಬೇರೆ ಯಾವ ಕೆಲಸವನ್ನೂ ಹಿಡಿಯಲಿಲ್ಲ. ಇದ್ದುದರಲ್ಲೇ ಒಳ್ಳೆಯ ನಾರಿನ ದಾರ ತೆಗೆದರು. ಯಾರೋ ವಕೀಲರ ಪುಸ್ತಕದ ರಟ್ಟಿಗೆಂದು ಇಟ್ಟಿದ್ದ ಕಡುನೀಲಿ ಕ್ಯಾಲಿಕೋ ಬಟ್ಟೆ ತೆಗೆದರು. ವಕೀಲರು ಹಾಳಾಗಿ ಹೋಗಲಿ. ಹಾಳೆಗಳನ್ನು ಜೋಡಿಸುವಾಗ ಗುರುವಿನ ಮಾತಿನಂತೆ ನಂಬರು ಮಾತ್ರ ನೋಡಿದರು. ಅಂದು ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಅಕ್ಷರ ನೋಡಿದರೆ ಕಣ್ಣು ತುಂಬುತ್ತಿತ್ತು, ಹನಿ ಬಿದ್ದರೆ ಶಾಯಿ ಕದಡುತ್ತಿತ್ತು. ಹಾಗಾಗಿ ಮೂಲೆಯ ನಂಬರಿನ ಮೇಲೆ ಕಣ್ಣು ನೆಟ್ಟು ಅರವತ್ತನಾಲ್ಕು ಹಾಳೆ ಜೋಡಿಸಿದರು, ಹೊಲಿದರು, ಬೆನ್ನಿಗೆ ಅಂಟು ಬಳಿದು ಒಣಗಿಸಿದರು.

ಪ್ರತಿ ಹಾಳೆಯ ಹೊರ ಅಂಚಿನಲ್ಲಿ ಮೇಲಿನಿಂದ ಕೆಳಕ್ಕೆ ಪೆನ್ಸಿಲಿನಲ್ಲಿ ಸಣ್ಣಗೆ ಏನೋ ಇತ್ತು. ಬೈಂಡರು ಅದನ್ನು ನೋಡಲಿಲ್ಲವೆಂದಲ್ಲ, ನೋಡಿದರು. ಆದರೆ ಅವರ ಕಸುಬಿನಲ್ಲಿ ಅಂಚಿನ ಪೆನ್ಸಿಲಿಗೆ ಒಂದೇ ಅರ್ಥ. ಯಾವ ಹಾಳೆ ಯಾವುದರ ಹಿಂದೆ, ಎಲ್ಲಿ ಮಡಿಸಬೇಕು, ಎಲ್ಲಿ ತೂತು ಹೊಡೆಯಬೇಕು ಎಂದು ಬೈಂಡರುಗಳು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಾರೆ. ಕೊನೆಗೆ ಅಂಚು ಕತ್ತರಿಸುವಾಗ ಗುರುತೂ ಉದುರಿಹೋಗುತ್ತದೆ. ಶಾಯಿ ಎಂದರೆ ಉಳಿಯುವುದು, ಪೆನ್ಸಿಲು ಎಂದರೆ ಹೋಗುವುದು. ಮೂವತ್ತು ವರ್ಷ ಬೈಂಡರ ಜೊತೆ ಬಾಳಿದವಳು, ಗಂಡನಿಗೆ ಅನುಕೂಲವಾಗಲೆಂದು ತಾನೇ ಗುರುತು ಹಾಕಿಕೊಟ್ಟಿದ್ದಾಳೆ ಎಂದುಕೊಂಡರು. ಹಾಗಂದುಕೊಂಡು ಅವರಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿಬಂತು.

ಎಲ್ಲಕ್ಕಿಂತ ಗಿಡ್ಡ ಹಾಳೆಯಿಂದಲೂ ಬೆರಳಗಲ ಹೋಗುವಂತೆ ಕತ್ತರಿ ಯಂತ್ರವನ್ನು ಹೊಂದಿಸಿ ಹಿಡಿಯನ್ನು ಎಳೆದರು. ಒಂದು ಬದಿ, ಎರಡು ಬದಿ, ಮೂರು ಬದಿ. ಬೆರಳಗಲದ ಪಟ್ಟಿಗಳು ಬುಟ್ಟಿಗೆ ಬಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಟೀಚರ ತಂಗಿಯ ಮಗಳು, ಈಗಷ್ಟೇ ಶಿಕ್ಷಕರ ತರಬೇತಿ ಮುಗಿಸಿದ್ದವಳು, ಮುಂದಿನ ವಾರ ಬಂದಳು. ಮಕ್ಕಳೂ ಬಂದರು, ಏಳು ಜನ. ಬೈಂಡರು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು ಪರದೆಯ ಹಿಂದೆ ಹೋಗಿ ನಿಂತರು. ಅವರ ಜೀವಮಾನದ ಅತ್ಯುತ್ತಮ ಕೆಲಸ ಅದು. ಮುಂದಿನ ಕೋಣೆಯಲ್ಲಿ ಹುಡುಗಿ ಮೊದಲ ಪ್ರಶ್ನೆ ಓದಿದಳು. ಕುರಿಗಳ ಪ್ರಶ್ನೆ. ಮಕ್ಕಳು ಕೂಗಾಡಿದರು, ನಕ್ಕರು. ಆಮೇಲೆ ಪುಟ ತಿರುಗಿಸುವ ಶಬ್ದ. ಮತ್ತೊಂದು ಪುಟ. ಮತ್ತೊಂದು. ಪರದೆ ಸರಿಸಿಕೊಂಡು ಅವಳು ಒಳಗೆ ಬಂದಳು.

"ದೊಡ್ಡಪ್ಪ, ಇದರ ಅಂಚು ಏನು ಮಾಡಿದ್ರಿ?"

"ಹೇಗಿದೆ?" ಬೈಂಡರ ಮುಖ ಅರಳಿತು. "ಬೆಣ್ಣೆ ಕತ್ತರಿಸಿದ ಹಾಗಿದೆ ಅಲ್ವಾ? ಕೈಯಾಡಿಸಿ ನೋಡು."

ಅವಳು ಕೈಯಾಡಿಸಲಿಲ್ಲ. "ಉತ್ತರ ಎಲ್ಲ ಅಂಚಿನಲ್ಲೇ ಇತ್ತಲ್ವಾ? ದೊಡ್ಡಮ್ಮ ಅಂಗೈ ಅಡ್ಡ ಇಟ್ಕೊಂಡು ಮಕ್ಕಳಿಗೆ ಪುಟ ತೋರಿಸ್ತಿದ್ರು. ಉತ್ತರ ಕಾಣಬಾರದು ಅಂತ ತುದೀಲಿ ಪೆನ್ಸಿಲಲ್ಲಿ ಬರೀತಿದ್ರು. ನಿಮಗೆ ಹೇಳಿದೀನಿ ಅಂದಿದ್ರು."

ಬೈಂಡರು ಪುಸ್ತಕ ಇಸಿದುಕೊಂಡರು. ಮದುವೆಯಾದ ಮೇಲೆ ಮೊದಲ ಸಲ ಹೆಂಡತಿ ಬರೆದ ಹಾಳೆಯನ್ನು ನಂಬರು ಬಿಟ್ಟು ಅಕ್ಷರಕ್ಕಾಗಿ ನೋಡಿದರು. ನುಣ್ಣನೆಯ ಅಂಚಿನುದ್ದಕ್ಕೂ ಪೆನ್ಸಿಲಿನ ಬಾಲಗಳು ಉಳಿದಿದ್ದವು. ಕತ್ತರಿಸಿಹೋದ ಸಾಲುಗಳ ಕೊಂಬು, ಒತ್ತಕ್ಷರದ ಕಾಲು, ಅಷ್ಟೇ. ಅವರು ಅಂಚಿನ ಮೇಲೆ ಹೆಬ್ಬೆರಳು ಎಳೆದರು. "ಪೆನ್ಸಿಲು..." ಎಂದರು. ಅಂದು ಅಂಟು ಕಲಸುವಾಗ ಆಕೆ ಹೇಳಿದ ಆ ಎರಡು ಮಾತು ಯಾವುದೆಂದು ಈಗ ಅರ್ಥವಾಯಿತು.

ಅಂಚಿನ ಚೂರುಗಳನ್ನು ಬೈಂಡರು ಬೀದಿ ತುದಿಯ ಕಪ್ಪುಬಸಿ ಅಂಗಡಿಗೆ ಕೊಡುವುದು ವಾಡಿಕೆ. ಪಿಂಗಾಣಿ ಒಡೆಯದಂತೆ ತುಂಬಲು ಅದಕ್ಕಿಂತ ಮೆತ್ತನೆಯದು ಬೇರೆಯಿಲ್ಲ. ಒಲೆಯ ಮೇಲಿನ ಅಂಟನ್ನು ಹಾಗೇ ಬಿಟ್ಟು, ಬರಿಗಾಲಲ್ಲಿ ಅಲ್ಲಿಗೆ ಓಡಿದರು.

"ಹೋದ ವಾರದ ಮೂಟೆನಾ? ಅಯ್ಯೋ, ಹೋಟೆಲಿನೋರು ಇನ್ನೂರು ಕಪ್ಪು ತಗೊಂಡ್ರು, ಅದರೊಳಗೆ ತುಂಬಿ ಕಳಿಸಿದೆನಲ್ಲ ಸ್ವಾಮಿ" ಎಂದ ಅಂಗಡಿಯವನು. "ಯಾಕೆ, ಅದರಲ್ಲಿ ಏನಾದ್ರೂ ಇತ್ತಾ?"

"ಹ್ಞೂಂ" ಎಂದರು ಬೈಂಡರು.

ಮೂಟೆಯ ತಳದಲ್ಲಿ ಉಳಿದಿದ್ದನ್ನೆಲ್ಲ ನೆಲಕ್ಕೆ ಸುರಿದು, ಮಂಡಿಯೂರಿ ಕೂತು ಒಂದೊಂದೇ ಆರಿಸಿದರು. ಯಾರದೋ ರಸೀದಿ ಪುಸ್ತಕದ ಅಂಚು, ಯಾರದೋ ಮಾಸಪತ್ರಿಕೆಯ ಅಂಚು. ಟೀಚರ ಪೆನ್ಸಿಲ್ ಬರಹವಿದ್ದ ಪಟ್ಟಿಗಳು ಒಂಬತ್ತು ಸಿಕ್ಕವು. ಒಂದನ್ನು ಅಲ್ಲೇ ಕಣ್ಣಿನ ಹತ್ತಿರ ಹಿಡಿದು ಓದಿದರು: 'ಪಾಪ, ಒಬ್ಬನೇ ಬಂದಿದ್ದಾನೆ. ಒಂಟಿಯಾಗಿರುವವನು ಭಯಕ್ಕೇ ಎದೆ ಸೆಟೆಸಿಕೊಂಡು ನಿಲ್ಲುತ್ತಾನೆ.' ನಾನು ಎನ್ನುವ 'ಐ' ಯಾಕೆ ಯಾವಾಗಲೂ ದೊಡ್ಡಕ್ಷರ ಎಂಬುದಕ್ಕೆ ಉತ್ತರ ಅದು. ಬೈಂಡರಿಗೆ ಅದು ಗೊತ್ತಿರಲಿಲ್ಲ. ಆದರೂ ಕಪ್ಪುಗಳ ನಡುವೆ ನೆಲದ ಮೇಲೆ ಕೂತಿದ್ದವರಿಗೆ ಅಳು ಬಂತು, ಅತ್ತರು. ಅಂಗಡಿಯವನು ಏನೂ ತೋಚದೆ ಒಂದು ಲೋಟ ನೀರು ತಂದಿಟ್ಟ.

ಮನೆಗೆ ಬಂದರೆ ಮಕ್ಕಳು ಹೋಗಿರಲಿಲ್ಲ. ಹುಡುಗಿ ಮುಂದಿನ ಕೋಣೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಬೈಂಡರು ಬಾಗಿಲಲ್ಲೇ ನಿಂತು, "ನನ್ನಿಂದ ತಪ್ಪಾಯ್ತಪ್ಪ. ನಿಮ್ಮ ಟೀಚರ್ ಉತ್ತರ ಎಲ್ಲ ನಾನೇ ಕತ್ತರಿಸಿ ಹಾಕಿಬಿಟ್ಟೆ" ಎಂದು ಮಕ್ಕಳಿಗೆ ಹೇಳಿದರು. ಇಷ್ಟು ಉದ್ದದ ಮಾತನ್ನು ಅವರು ಆ ಮಕ್ಕಳೊಂದಿಗೆ ಎಂದೂ ಆಡಿದವರಲ್ಲ.

ಆ ಏಳು ಮಕ್ಕಳಲ್ಲಿ ಎಂಟು ವರ್ಷದವಳೊಬ್ಬಳಿದ್ದಳು. ಯಾವ ಮಾತನ್ನಾದರೂ 'ಆದ್ರೆ' ಎಂದೇ ಶುರು ಮಾಡುವವಳಾದ್ದರಿಂದ ಟೀಚರು ಅವಳನ್ನು ಆದ್ರೆಮ್ಮ ಎಂದೇ ಕರೆಯುತ್ತಿದ್ದರು.

"ಆದ್ರೆ ನಂಗೊತ್ತು" ಎಂದಳು ಆದ್ರೆಮ್ಮ. "ಕುರಿ ಎಣಿಸೋನಿಗೆ ಎಣಿಸ್ತಾ ಎಣಿಸ್ತಾ ನಿದ್ದೆ ಬಂದ್ಬಿಡ್ತು. ಕೊನೇಲಿ 'ಎಸ್' ಹಾಕೋಕೆ ಎದ್ದೇ ಇಲ್ಲ."

ಹುಡುಗಿ ತಲೆಯೆತ್ತಿದಳು. ಟೀಚರ ಮಾತೇ ಅದು, ಟೀಚರ ಧಾಟಿಯೇ. "ಬೇರೆಯದೂ ನೆನಪಿದೆಯಾ?" ಎಂದು ಕೇಳಿದ್ದೇ ತಡ, ಏಳು ಜನವೂ ಮೈಮೇಲೆ ಬಿದ್ದರು.

ಅಂದಿನಿಂದ ಮೂರು ವಾರ ಮುಂದಿನ ಕೋಣೆಯಲ್ಲಿ ನಡೆದದ್ದು ಪಾಠವೂ ಅಲ್ಲ, ಆಟವೂ ಅಲ್ಲ. ಹುಡುಗಿ ಪ್ರಶ್ನೆ ಓದುವಳು. ಮಕ್ಕಳು ನೆನಪು ಮಾಡಿಕೊಂಡು ಹೇಳುವರು, ಒಬ್ಬರದನ್ನು ಒಬ್ಬರು ತಿದ್ದುವರು. "ಟೀಚರ್ ಹಾಗನ್ನಲಿಲ್ಲ, ಹೀಗಂದ್ರು" ಎಂದು ಜಗಳ. ಒಪ್ಪಿಗೆಯಾದದ್ದನ್ನು ಹುಡುಗಿ ಬೆರಳಗಲದ ಪಟ್ಟಿಯ ಮೇಲೆ ಬರೆಯುವಳು, ಈಗ ಶಾಯಿಯಲ್ಲಿ. ಬೈಂಡರು ಅದನ್ನು ಪುಟದ ಅಂಚಿಗೆ ತೆಳುಕಾಗದ ಕೊಟ್ಟು ಅಂಟಿಸುವರು. ಸಿಕ್ಕ ಒಂಬತ್ತು ಪಟ್ಟಿಗಳು ಯಾವ ಪುಟದವೆಂದು ಕಾಗದದ ಬಣ್ಣ, ಗೆರೆಯ ಅಂತರ ನೋಡಿಯೇ ಹೇಳಿದರು. ಅಷ್ಟಾದರೂ ಅವರಿಗೆ ಗೊತ್ತಿತ್ತು.

ಪಕ್ಕದ ಬೀದಿಯಿಂದ ದೊಡ್ಡವರೂ ಬಂದರು, ಹಿಂದೆ ಟೀಚರ ಬಳಿ ಕಲಿತು ಹೋದವರು. ದೊಡ್ಡ ಕೆಂಪು ಚೆಂಡು ಎನ್ನಲು 'ಬಿಗ್ ರೆಡ್ ಬಾಲ್' ಎಂದೇ ಯಾಕೆ, 'ರೆಡ್ ಬಿಗ್ ಬಾಲ್' ಯಾಕಲ್ಲ? "ದಪ್ಪಗಿರೋರಿಗೆ ಮೊದಲು ದಾರಿ ಬಿಡಬೇಕು, ಬಣ್ಣ ಹಚ್ಕೊಂಡೋರು ಹಿಂದೆ ಬರಲಿ!" ಎಂದು ಬಸ್ ಕಂಡಕ್ಟರ್ ಆಗಿರುವ ಹಳೆಯ ಶಿಷ್ಯನೊಬ್ಬ ಬಾಗಿಲಲ್ಲೇ ನಿಂತು ಹೇಳಿಹೋದ. 'ಗೋ'ಗೆ ಭೂತಕಾಲ 'ವೆಂಟ್' ಎಲ್ಲಿಂದ ಬಂತು? "ಗೋ ತನ್ನ ಮಗುನ ಕಳ್ಕೊಂಡ್ಳು. ಆಗ ಅದೇ ಅರ್ಥದ ಹಳೇ ಪದ 'ವೆಂಡ್' ಅನ್ನೋಳು ತನ್ನ ಮಗು ವೆಂಟ್‌ನ ಅವಳ ಮಡಿಲಿಗೆ ಹಾಕಿದ್ಳು. ಈಗ ಯಾರು ಹೆತ್ತೋರು ಅಂತ ಯಾರೂ ಕೇಳಲ್ಲ." ಇದನ್ನು ಹೇಳಿದ್ದು ಒಬ್ಬ ಹೊಲಿಗೆಯವಳು. ಟೀಚರಿಗೆ ಮಕ್ಕಳಿರಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು.

ಕತ್ತರಿ ಒಂದೇ ಇದ್ದರೂ ಇಂಗ್ಲಿಷಿನಲ್ಲಿ ಯಾಕೆ ಬಹುವಚನ ಎಂಬ ಪ್ರಶ್ನೆ ಬಂದಾಗ ಆದ್ರೆಮ್ಮ, "ಆದ್ರೆ ಒಂದೇ ಅಲಗು ಏನನ್ನೂ ಕತ್ತರಿಸಲ್ಲ, ಎರಡಿದ್ರೇನೇ ಕತ್ತರಿ" ಎಂದಳು. ಬೈಂಡರು ತಮ್ಮ ಯಂತ್ರದ ಒಂಟಿ ಅಲಗಿನ ಕಡೆ ನೋಡಿ ತಲೆ ತಗ್ಗಿಸಿದರು.

ಈ ಎಲ್ಲವನ್ನೂ ಬೈಂಡರು ಈಗ ಕಿವಿಯಾರೆ ಕೇಳುತ್ತಿದ್ದರು. ಒಂದೊಂದು ಉತ್ತರಕ್ಕೂ ಅವರಿಗೆ ನಗು ಬರುತ್ತಿತ್ತು. ಇಷ್ಟು ತಮಾಷೆಯ ಹೆಂಗಸಿನ ಜೊತೆ ನಾನು ಮೂವತ್ತು ವರ್ಷ ಬಾಳಿದೆನಲ್ಲ, ಇದನ್ನೆಲ್ಲ ಆಕೆ ಮಕ್ಕಳಿಗಿಂತ ಮೊದಲು ನನಗೇ ಹೇಳಿದ್ದಳಲ್ಲ ಎನ್ನಿಸುತ್ತಿತ್ತು. ಬೀದಿಯಲ್ಲಿ ಹೋಗುವ ಕಂಡಕ್ಟರಿಗೆ ನೆನಪಿರುವುದು ಕಟ್ಟಿಕೊಂಡ ಗಂಡನಿಗಿರಲಿಲ್ಲ.

ಅರವತ್ತಮೂರು ಪುಟ ತುಂಬಿತು. ಉಳಿದದ್ದು ಕೊನೆಯ ಹಾಳೆ. ಹುಡುಗಿ ಓದಿದಳು: "ನಮ್ಮಲ್ಲಿ ಮಳೆ ತಾನೇ ಬರುತ್ತದೆ. ಇಂಗ್ಲಿಷಿನಲ್ಲಿ 'ಇಟ್ ಈಸ್ ರೇನಿಂಗ್' ಎನ್ನಬೇಕು. ಈ 'ಇಟ್' ಯಾರು?"

"ಆದ್ರೆ ಇದನ್ನ ಟೀಚರ್ ನಮಗೆ ಕೇಳೇ ಇಲ್ಲ" ಎಂದಳು ಆದ್ರೆಮ್ಮ.

ಹಳೆಯ ಶಿಷ್ಯರನ್ನು ಕೇಳಿದ್ದಾಯಿತು, ಯಾರಿಗೂ ಗೊತ್ತಿಲ್ಲ. ಆ ಪುಟದ ಅಕ್ಷರಗಳು ನಡುಗಿದ್ದವು. ಮಲಗಿಕೊಂಡೇ ಬರೆದದ್ದು, ಕೊನೆಯ ದಿನಗಳದ್ದು. ಹುಡುಗಿ ಬೈಂಡರ ಕಡೆ ತಿರುಗಿದಳು. "ಪುಸ್ತಕದ ಉತ್ತರ ನಾನು ಬರೀಬಹುದು ದೊಡ್ಡಪ್ಪ. ಅಲ್ಲಿ ಯಾರೂ ಇಲ್ಲ, ವಾಕ್ಯಕ್ಕೆ ಒಂದು ಕರ್ತೃ ಬೇಕಲ್ಲ ಅಂತ ಖಾಲಿ ಪದ ತಂದು ನಿಲ್ಲಿಸಿದಾರೆ, ಅಷ್ಟೇ. ಆದರೆ ದೊಡ್ಡಮ್ಮ ಹಾಗೆ ಹೇಳ್ತಿರಲಿಲ್ಲ. ಮಕ್ಕಳಿಗೆ ಕೇಳೋ ಮೊದಲು ನಿಮಗೆ ಹೇಳ್ತಿದ್ರಲ್ಲ. ಇದನ್ನ ಹೇಳಿದ್ರಾ?"

ಹೇಳಿದ್ದಳು.

ಬೈಂಡರಿಗೆ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿದಂತಿತ್ತು. ಹೊರಗೆ ಸಣ್ಣಗೆ ಹನಿಯುತ್ತಿತ್ತು. ಆಸ್ಪತ್ರೆಯ ಹೆರಿಗೆ ರಿಜಿಸ್ಟರಿನ ನಾಲ್ಕನೆಯ ಕಟ್ಟಿಗೆ ಅವರು ದಾರ ಪೋಣಿಸುತ್ತಿದ್ದರು. ಆಕೆ ಗೋಡೆಗೆ ಒರಗಿ ಕೂತು, ಹಸಿರು ಶಾಲು ಹೊದ್ದು, ಕಿಟಕಿಯ ಕಡೆ ನೋಡಿ, "ರೀ, ಇಂಗ್ಲಿಷಿನಲ್ಲಿ ಮಳೆ ತಾನಾಗಿ ಬರಲ್ಲ ಗೊತ್ತಾ, 'ಇಟ್' ಅನ್ನೋರು ಯಾರೋ ಬರ್ತಾರೆ. ಅವರು ಯಾರು ಹೇಳಿ?" ಎಂದಿದ್ದಳು. ಬೈಂಡರು ಹ್ಞೂಂ ಎಂದಿದ್ದರು. ಆಕೆ ಉತ್ತರ ಹೇಳಿದ್ದಳು. ಹೇಳಿ ನಕ್ಕಿದ್ದಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಬೈಂಡರು ಎದ್ದು ಬಿಸಿನೀರು ಕೊಟ್ಟಿದ್ದರು. ಆಕೆ ನೀರು ಕುಡಿದು ಗಂಡನ ಮುಖವನ್ನೇ ನೋಡುತ್ತ, "ಚೆನ್ನಾಗಿದೆ ಅಲ್ವಾ?" ಎಂದು ಕೇಳಿದ್ದಳು. ಹ್ಞೂಂ ಎಂದು ಅವರು ಮತ್ತೆ ಸೂಜಿ ಹಿಡಿದಿದ್ದರು.

ಶಾಲಿನ ಬಣ್ಣ ನೆನಪಿತ್ತು. ದಾರ ಒಮ್ಮೆ ಗಂಟಾಗಿದ್ದು ನೆನಪಿತ್ತು. ಲೋಟದ ಬಿಸಿ ಬೆರಳಿಗೆ ನೆನಪಿತ್ತು. ಆಕೆ ಹೇಳಿದ್ದೇನೆಂದು ಮಾತ್ರ, ಎಷ್ಟು ತಡಕಿದರೂ, ಒಂದಕ್ಷರ ಸಿಗಲಿಲ್ಲ. ಇದನ್ನು ಯಾವ ಯಂತ್ರವೂ ಕತ್ತರಿಸಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದವಳದ್ದೇನೂ ತಪ್ಪಿರಲಿಲ್ಲ.

"ನನಗೇ ಹೇಳಿದ್ಳು ಮಗೂ" ಎಂದರು ಬೈಂಡರು. "ನಾನೊಬ್ಬನೇ ಕೇಳಿದ್ದು. ಕೇಳಿದೆ ಅಂತ ಏನು ಬಂತು. ಕೇಳಲಿಲ್ಲ."

ಹುಡುಗಿ ಅವರ ಕೈ ಹಿಡಿದುಕೊಂಡಳು. ಪುಸ್ತಕದ ಉತ್ತರ ಬರೆಯಲೇ ಎಂದು ಮತ್ತೆ ಕೇಳಲಿಲ್ಲ. ಬೈಂಡರು ಕೊನೆಯ ಪುಟಕ್ಕೂ ಒಂದು ಪಟ್ಟಿ ಅಂಟಿಸಿದರು, ಬಿಳಿಯದು, ಏನೂ ಬರೆಯದ್ದು. ಒಣಗಿದ ಮೇಲೆ ಅಂಚು ಒಂದು ನೂಲಿನಷ್ಟು ಹೊರಚಾಚಿತ್ತು. ಬೇರೆ ಪುಸ್ತಕವಾಗಿದ್ದರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಇದನ್ನು ಹಾಗೇ ಬಿಟ್ಟರು.

ಮಾರನೆಯ ದಿನದಿಂದ ಪಾಠ ಸರಿಯಾಗಿ ಶುರುವಾಯಿತು. ಆರೂವರೆಗೆ ಮಕ್ಕಳು ಚಪ್ಪಲಿ ಹುಡುಕಿಕೊಂಡು ಹೊರಟರು, ಹುಡುಗಿ ದೀಪ ಹಾಕಲು ಹೋದಳು. ಒತ್ತುಯಂತ್ರದ ಪಕ್ಕದ ಸ್ಟೂಲು ಖಾಲಿಯಿತ್ತು. ಆ ಹೊತ್ತಿಗೆ ಅಲ್ಲಿಂದ ಒಂದು ಮಾತು ಬರುವುದು ಮೂವತ್ತು ವರ್ಷದ ರೂಢಿ. ಬೈಂಡರ ಬಾಯಿಗೆ ರೂಢಿಯಂತೆ ಹ್ಞೂಂ ಬಂತು. ಅದನ್ನು ನುಂಗಿಕೊಂಡರು. ಸೂಜಿಯನ್ನು ಕೆಳಗಿಟ್ಟರು, ದಾರವನ್ನೂ ಇಟ್ಟರು, ಕೈ ಒರೆಸಿಕೊಂಡು ಸ್ಟೂಲಿನ ಕಡೆಗೆ ಪೂರ್ತಿ ತಿರುಗಿ ಕೂತರು.

"ಏನಂದೆ?" ಎಂದು ಕೇಳಿದರು. "ಇನ್ನೊಂದ್ಸಲ ಹೇಳು."